ಗೋದಾಮು ಕಟ್ಟಿಸಿದ ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತಿದೆ. ಗುತ್ತಿಗೆದಾರನ ಮೇಲೆ ಕೋಲಾರದ ಕೋರ್ಟಿನಲ್ಲಿ ದಾವೆ ಹಾಕಬಹುದಾ?

ಹಾಕಬಹುದು, ಆದರೆ ನಿಲ್ಲುವುದು ಕಷ್ಟ. ಗುತ್ತಿಗೆದಾರ ತನ್ನ ಮೊದಲ ಹೇಳಿಕೆ ಸಲ್ಲಿಸುವುದರೊಳಗೆ ಆ ಷರತ್ತು ತೋರಿಸಿ ಅರ್ಜಿ ಕೊಟ್ಟರೆ, 1996ರ ಆರ್ಬಿಟ್ರೇಷನ್ ಕಾಯ್ದೆಯ 8ನೇ ಕಲಂ ಪ್ರಕಾರ ಕೋರ್ಟು ನಿಮ್ಮಿಬ್ಬರನ್ನೂ ಆರ್ಬಿಟ್ರೇಷನ್ನಿಗೆ ಕಳಿಸುತ್ತದೆ. ತಕರಾರು ಬಂದರೆ ಕೋರ್ಟಿನ ಬದಲು ಮೂರನೆಯವರೊಬ್ಬರು ತೀರ್ಪು ಕೊಡಲಿ ಎಂದು ಇಬ್ಬರೂ ಸಹಿ ಹಾಕಿದ್ದೀರಲ್ಲ, ಅದಕ್ಕೆ.

ಹಾಗಾಗಿ ಮೊದಲು 21ನೇ ಕಲಮಿನ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಎಡವುವುದು ಇಲ್ಲೇ: "ಬಾಕಿ ಹಣ ಕೊಡಿ" ಎಂಬ ಮಾಮೂಲಿ ವಕೀಲರ ನೋಟಿಸು ಸಾಲದು. ಏನು ವಿವಾದ, ಎಷ್ಟು ಮೊತ್ತ, ಕರಾರಿನ ಯಾವ ಷರತ್ತು ಎಂದು ಬರೆದು, "ಇದನ್ನು ಆರ್ಬಿಟ್ರೇಷನ್ನಿಗೆ ಒಪ್ಪಿಸಬೇಕೆಂದು ಕೋರುತ್ತೇನೆ" ಎಂದು ಸ್ಪಷ್ಟವಾಗಿ ಹೇಳಿ, ಆರ್ಬಿಟ್ರೇಟರ್ ಹೆಸರು ಸೂಚಿಸಿ. ಒಬ್ಬರೇ ಆರ್ಬಿಟ್ರೇಟರ್ ಸಾಕೆಂದಿದ್ದು, 30 ದಿನದಲ್ಲಿ ಹೆಸರಿಗೆ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಹೈಕೋರ್ಟಿಗೆ 11ನೇ ಕಲಮಿನ ಅರ್ಜಿ ಹಾಕಬೇಕು. "ಮಾಲೀಕರೇ ನೇಮಿಸತಕ್ಕದ್ದು" ಎಂದು ಕರಾರಿನಲ್ಲಿದ್ದರೂ ನೀವೊಬ್ಬರೇ ನೇಮಿಸಲು ಹೋಗಬೇಡಿ. ವರ್ಷಗಟ್ಟಲೆ ನಡೆದ ವಿಚಾರಣೆಯ ತೀರ್ಪು ಅದೊಂದೇ ಕಾರಣಕ್ಕೆ ಬಿದ್ದುಹೋಗಬಹುದು.

ತೀರ್ಪಿನ ಪ್ರತಿ ಕೈಸೇರಿದ ಮೇಲೆ ಪ್ರಶ್ನಿಸಲು 3 ತಿಂಗಳು, ತಕ್ಕ ಕಾರಣವಿದ್ದರೆ ಇನ್ನು 30 ದಿನ ಅವಕಾಶ. ಆಮೇಲೆ ಅದು ಕೋರ್ಟಿನ ಡಿಕ್ರಿಯಂತೆಯೇ ಜಾರಿಯಾಗುತ್ತದೆ.