ಗೈಡ್ ನಾಯಿ ಜೊತೆ ಬಂದವರನ್ನು ಲೈಬ್ರರಿ ಒಳಗೆ ಬಿಡಬೇಕಾ?

ಬಿಡಬೇಕು. ಕಣ್ಣು ಕಾಣದವರಿಗೆ ಅದು ಮುದ್ದಿನ ನಾಯಿಯಲ್ಲ, ದಾರಿ ತೋರಿಸುವ ಕಣ್ಣು. 'ನಾಯಿಯನ್ನು ಗೇಟಿಗೆ ಕಟ್ಟಿ ಬನ್ನಿ' ಅಂದರೆ ಬಿಳಿ ಕೋಲನ್ನು ಹೊರಗಿಟ್ಟು ಬನ್ನಿ ಅಂದ ಹಾಗೇ ಅಲ್ವಾ? ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ತಾರತಮ್ಯ ಮಾಡಬಾರದು, ಬೇಕಾದ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ ಅದು.

ಅಮೆರಿಕದ ನಿಯಮ ಇನ್ನೂ ನೇರ. ನಾಯಿ ಯಾತಕ್ಕೆ ಜೊತೆಗಿದೆ ಅಂತ ನೋಡಿದರೆ ಗೊತ್ತಾಗದಿದ್ದಾಗ ಸಿಬ್ಬಂದಿ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾ? ಯಾವ ಕೆಲಸಕ್ಕೆ ತರಬೇತಿ ಆಗಿದೆ? ಸರ್ಟಿಫಿಕೇಟ್ ಕೇಳುವ ಹಾಗಿಲ್ಲ. ನಾಯಿ ಹತೋಟಿ ತಪ್ಪಿದರೆ ಅದನ್ನು ಹೊರಗೆ ಕಳಿಸಬಹುದು, ಆದರೆ ಓದುಗರಿಗೆ ಪುಸ್ತಕ ಕೊಡಲೇಬೇಕು. ಇಲ್ಲೂ ಇದನ್ನೇ ಪಾಲಿಸಿದರೆ ಸಾಕು ಅಂತ ನನ್ನ ಅನಿಸಿಕೆ.

ಮಂಗಳೂರಿನಲ್ಲಿ ನಿಜವಾದ ತಲೆನೋವು ಮಳೆಗಾಲದ್ದು. ಜುಲೈಯಲ್ಲಿ ಒದ್ದೆ ನಾಯಿ ಮೈ ಕೊಡವಿದರೆ ಕೆಳಗಿನ ಸಾಲಿನ ಪುಸ್ತಕಗಳ ಕಥೆ ಮುಗಿಯಿತು! ಬಾಗಿಲಲ್ಲೇ ಒಂದು ಹಳೇ ಬೈರಾಸು ಇಡಿ. ಒರೆಸುವ ಕೆಲಸ ನಾಯಿಯ ಯಜಮಾನರಿಗೇ ಬಿಡಿ, ನೀವು ಮುಟ್ಟಬೇಡಿ. ಗೋಡೆ ಬದಿಯ ಮೇಜು ಕೊಟ್ಟರೆ ಅದು ಕೆಳಗೆ ಸುಮ್ನೆ ಮಲಗುತ್ತದೆ, ಓಡಾಡುವವರು ಬಾಲ ತುಳಿಯುವುದಿಲ್ಲ. ಹೆದರುವವರಿಗೆ, ಅಲರ್ಜಿ ಇದ್ದವರಿಗೆ ದೂರದ ಕುರ್ಚಿ ಕೊಡಿ. ಬಿಸ್ಕೆಟ್ ಹಾಕುವುದು, 'ಬಾ ಬಾ' ಅಂತ ಕರೆಯುವುದು ಬೇಡ, ಅದು ಡ್ಯೂಟಿಯಲ್ಲಿರುತ್ತದೆ. ಗೇಟಿನ ಹತ್ತಿರದ ಬೀದಿನಾಯಿಗಳು ಮೇಲೆ ಬೀಳದ ಹಾಗೆ ವಾಚ್‌ಮನ್‌ಗೆ ಒಂದು ಮಾತು ಹೇಳಿಟ್ಟಿರಿ.