ಮದುವೆ ಮನೆ ಗೋಡೆಯ ಮಧುಬನಿ ಬಿಡಿಬಿಡಿಯಾಗಿ ಕಾಣುತ್ತಿದ್ದರೆ

ಕೊಪ್ಪಳದ ಮನೆಯಲ್ಲಿ ತಂಗಿಯ ಮದುವೆಗೆಂದು ಮೀನು, ಗಿಳಿ, ಆಮೆ ಎಲ್ಲ ಬರೆದರೂ ಗೋಡೆ ಖಾಲಿ ಅನಿಸುತ್ತಿದೆ ಎಂದಿದ್ದೀರಿ. ಚಿತ್ರಕ್ಕೆ ನಡು ಇಲ್ಲದಿರುವುದೇ ಕಾರಣ ಇರಬೇಕು. ಮಧುಬನಿ ಎಂದರೆ ಬಿಹಾರದ ಮಿಥಿಲೆ ಸೀಮೆಯ ಚಿತ್ರಕಲೆ. ಇವೆಲ್ಲ ಅಲ್ಲಿನ ಕೊಹಬರ್ ಎಂಬ ಮದುವೆ ಚಿತ್ರದಲ್ಲಿ ಬರುವಂಥವು. ನವದಂಪತಿಯ ಕೋಣೆಯ ಗೋಡೆಗೆ ಅಲ್ಲಿನ ಹೆಂಗಸರು ಅದನ್ನು ಬರೆಯುತ್ತಾರೆ. ನಟ್ಟನಡುವೆ ಬಿದಿರು ನೆಟ್ಟಗೆ ಮೇಲೇಳುತ್ತದೆ, ಸುತ್ತ ತಾವರೆಯ ದುಂಡು ಎಲೆಗಳು. ಬಿದಿರು ಗಂಡಿನ ಸಂಕೇತ, ತಾವರೆ ಹೆಣ್ಣಿನದು. ಮೀನು ಸಂತಾನಕ್ಕೆ, ಗಿಳಿಜೋಡಿ ಒಲವಿಗೆ. ಆ ಬಿದಿರು-ತಾವರೆ ಇಲ್ಲದೆ ಉಳಿದವು ಎಷ್ಟು ಚೆಂದ ಬರೆದರೂ ಅಂಟಿಸಿದ ಹಾಗೆಯೇ ಕಾಣುತ್ತವೆ.

ಬರೆದದ್ದನ್ನು ಅಳಿಸಬೇಡಿ. ಮೊದಲು ಚಾಕ್‌ಪೀಸಿನಿಂದ ನಡುವೆ ನೇರ ಗೆರೆ ಎಳೆಯಿರಿ. ಅಡ್ಡ ಬರುವ ಆಕೃತಿ ಇದ್ದರೆ ಅದೊಂದನ್ನು ಮಾತ್ರ ಬಿಳಿ ಬಳಿದು ಮುಚ್ಚಿ. ಬಿದಿರಿಗೆ ಗಿಣ್ಣು ತೋರಿಸಿ, ಎರಡೂ ಬದಿಗೆ ಅಂಗೈಯಗಲದ ತಾವರೆ ಎಲೆ ಬರೆಯಿರಿ. ಆಮೇಲೆ ಪ್ರತಿ ಆಕೃತಿಯ ಅಂಚಿಗೆ ಜೋಡಿಗೆರೆ ಎಳೆದು, ಎರಡರ ನಡುವೆ ಸಣ್ಣ ಅಡ್ಡಗೆರೆಗಳನ್ನು ಒತ್ತೊತ್ತಾಗಿ ತುಂಬಿ. ಮಧುಬನಿಯ ಜೀವ ಈ ಗೆರೆಯಲ್ಲಿದೆ, ಇಲ್ಲಿ ಅವಸರ ಮಾಡಲೇಬೇಡಿ. ಉಳಿದ ಜಾಗಕ್ಕೆ ಹೂ, ಮೊಗ್ಗು. ಮೇಲಿನ ಮೂಲೆಗಳಿಗೆ ಸೂರ್ಯ, ಚಂದ್ರ.

ಕುಂಚದಲ್ಲಿ ಕೈ ನಡುಗುತ್ತಿದ್ದರೆ ಕಿನ್ನಾಳ ಹತ್ತಿರವೇ ಇದೆ. ಅಲ್ಲಿನ ಚಿತ್ರಗಾರರು ಮರದ ಗೊಂಬೆಗೆ ಕಣ್ಣು ಬರೆಯುವುದನ್ನು ಒಮ್ಮೆ ನೋಡಿ ಬನ್ನಿ.

ಗೋಡೆ ಸುಣ್ಣದ್ದೋ ಡಿಸ್ಟೆಂಪರಿನದೋ ನೀವು ಬರೆದಿಲ್ಲ. ಸುಣ್ಣದ್ದಾದರೆ ಅಕ್ರಿಲಿಕ್ ಬಣ್ಣ ಪುಡಿಯ ಜೊತೆ ಎದ್ದುಬರಬಹುದು. ಬಾಗಿಲ ಹಿಂದೆ ಒಂದು ಎಲೆ ಬರೆದು, ಮರುದಿನ ಬೆರಳಿಂದ ಉಜ್ಜಿ ನೋಡಿ ಮುಂದುವರಿಯಿರಿ.