ಟ್ರಯೊ ಸೊನಾಟಾ ಅಂದಮೇಲೆ ಐದು ಜನ ಯಾಕೆ?

ಯುರೋಪಿನ ಸಂಗೀತ ರಚನಕಾರ ಜೆಲೆಂಕಾನ ಟ್ರಯೊ ಸೊನಾಟಾ (ವಾದ್ಯಗಳಿಗೆ ಬರೆದ ಕೃತಿ) ನುಡಿಸುವ ವಿಡಿಯೊದಲ್ಲಿ ವೇದಿಕೆ ಮೇಲೆ ಐವರಿದ್ದರು, ಹಾಗಾದರೆ ಅದು ‘ಟ್ರಯೊ’, ಅಂದರೆ ಮೂವರದು, ಹೇಗಾಯಿತು, ಹೊಸಬರು ಯಾವುದಕ್ಕೆ ಕಿವಿಗೊಡಬೇಕು ಅಂತ ಕೇಳಿದ್ದೀರಿ. ನನಗೆ ಈ ಸೊನಾಟಾಗಳೆಂದರೆ ಪ್ರಾಣ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳ್ತೀನಿ.

ಎಣಿಸೋದು ಜನರನ್ನಲ್ಲ, ಬರೆದ ಸಾಲುಗಳನ್ನು. ಬರೋಕ್ ಕಾಲದ (ಸುಮಾರು 1600–1750) ಟ್ರಯೊ ಸೊನಾಟಾದಲ್ಲಿ ಮೇಲೆ ಎರಡು ಸ್ವರಸಾಲು, ಕೆಳಗೆ ಒಂದು ಮಂದ್ರದ ಸಾಲು. ಆ ಮಂದ್ರವನ್ನು ಚೆಲೊ (ದೊಡ್ಡ ಪಿಟೀಲಿನಂಥದ್ದು) ಅಥವಾ ಬಸೂನ್ (ಮಂದ್ರದ ಊದುವಾದ್ಯ) ಹಿಡಿಯುತ್ತೆ. ಪಿಯಾನೊ ಥರದ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್‌ನವರು ಅದೇ ಸಾಲಿಗೆ ಹಾಕಿದ ಅಂಕಿಗಳನ್ನು ನೋಡಿಕೊಂಡು, ಕೂತಲ್ಲೇ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ತುಂಬುತ್ತಾ ಹೋಗ್ತಾರೆ. ಮೂರು ಸಾಲಿಗೆ ನಾಲ್ವರು ಆಗೋದು ಹೀಗೆ.

ಐದನೆಯವರು ಯಾಕೆ ಬೇಕಾದರು ಅನ್ನೋದರಲ್ಲೇ ಈ ಕೃತಿಗಳ ಸೊಗಸಿದೆ. ಯಾನ್ ಡಿಸ್ಮಾಸ್ ಜೆಲೆಂಕಾ 1679ರಲ್ಲಿ ಬೊಹೀಮಿಯಾದಲ್ಲಿ ಹುಟ್ಟಿದವನು. ಡ್ರೆಸ್ಡೆನ್ ಆಸ್ಥಾನದ ವಾದ್ಯಮೇಳದಲ್ಲಿ ಆತ ನುಡಿಸುತ್ತಿದ್ದದ್ದು ವಿಯೊಲೋನ್, ಅಂದರೆ ಎಲ್ಲರ ಕೆಳಗೆ ನಿಂತು ಮೇಳವನ್ನು ಹೊರುವ ದೊಡ್ಡ ತಂತಿವಾದ್ಯ. ಸುಮಾರು 1721–22ರಲ್ಲಿ ಆರು ಸೊನಾಟಾ ಬರೆದ. ಎರಡು ಓಬೋ (ಚಿಕ್ಕ ಊದುವಾದ್ಯ), ಒಂದು ಬಸೂನ್. ಮೂರನೆಯದರಲ್ಲಿ ಮಾತ್ರ ಒಂದು ಓಬೋ ಜಾಗಕ್ಕೆ ಪಿಟೀಲು. ಬಸೂನನ್ನು ಆತ ಮಂದ್ರಕ್ಕೆ ಕಟ್ಟಿಹಾಕಲಿಲ್ಲ. ಅದು ತಳ ಬಿಟ್ಟು ಮೇಲೆ ಬಂದು ಓಬೋಗಳ ಜೊತೆ ಸರಿಸಮಕ್ಕೆ ವಾದಕ್ಕಿಳಿಯುತ್ತೆ. ಆಗ ತಳ ಕಾಯೋಕೆ ಬೇರೊಬ್ಬರು ಬೇಕಲ್ಲ? ನೀವು ನೋಡಿದ ಐದನೆಯವರು ಅವರೇ. ಕಚೇರಿಯಲ್ಲಿ ಪಕ್ಕವಾದ್ಯದವರು ಇದ್ದಕ್ಕಿದ್ದಂತೆ ರಾಗ ವಿಸ್ತಾರಕ್ಕೆ ಇಳಿದ ಹಾಗೆ ಅಂದುಕೊಳ್ಳಿ.

ಇನ್ನು ಉಸಿರು. ಓಬೋ, ಬಸೂನ್ ಎರಡಕ್ಕೂ ಬಾಯಿಗಿಡುವ ಕಡೆ ಜೊಂಡಿನ ಎರಡು ತೆಳು ಸೀಳು ಇರುತ್ತೆ; ಆ ಲೆಕ್ಕದಲ್ಲಿ ಇವು ನಮ್ಮ ವಾಲಗದವರ ನಾಗಸ್ವರದ ನೆಂಟರು. ಓಬೋದಲ್ಲಿ ಆ ಸೀಳುಗಳ ನಡುವಿನ ಸಂದು ತೀರಾ ಕಿರಿದು, ಹೋಗುವ ಗಾಳಿ ಬಹಳ ಕಮ್ಮಿ. ಹಾಗಾಗಿ ಇಲ್ಲಿ ಕಷ್ಟ ಉಸಿರು ಸಾಲದ್ದಲ್ಲ, ಹಳೇ ಉಸಿರು ಎದೆಯಲ್ಲೇ ಉಳಿದುಬಿಡೋದು. ಮೊದಲು ಅದನ್ನು ಹೊರಗೆ ಬಿಡಬೇಕು, ಆಮೇಲೆ ಹೊಸದನ್ನು ಎಳೆಯಬೇಕು. ಜೆಲೆಂಕಾ ವೇಗದ ಭಾಗಗಳಲ್ಲಿ ಇದಕ್ಕೆ ಜಾಗವನ್ನೇ ಕೊಡೋದಿಲ್ಲ. ಇನ್ನೊಮ್ಮೆ ವಿಡಿಯೊ ನೋಡಿ: ಉದ್ದದ ಸಾಲು ಮುಗಿದ ಕೂಡಲೇ ಓಬೋದವರು ತುಟಿ ಬಿಡಿಸಿ, ಕೆನ್ನೆ ಕೆಂಪೇರಿದ್ದರೂ, ಮೊದಲು ಉಸಿರು ಹೊರಹಾಕೋದು ಕಾಣುತ್ತೆ. ಅಷ್ಟರಲ್ಲಿ ಎರಡನೇ ಓಬೋ ಸಾಲು ಎತ್ತಿಕೊಂಡಿರುತ್ತೆ.

ಶುರು ಮಾಡೋಕೆ ಐದನೇ ಸೊನಾಟಾ, ಎಫ್ ಮೇಜರ್‌ನದು. ಉಳಿದವು ನಿಧಾನ–ವೇಗ–ನಿಧಾನ–ವೇಗ ಅಂತ ನಾಲ್ಕು ಭಾಗ. ಇದೊಂದು ಮಾತ್ರ ಇಟಲಿಯ ವಿವಾಲ್ಡಿಯ ಕನ್ಸರ್ಟೊಗಳ (ಒಂಟಿ ವಾದ್ಯ ಮೇಳದ ಜೊತೆ ನುಡಿಯುವ ಕೃತಿಗಳ) ಹಾಗೆ ವೇಗ–ನಿಧಾನ–ವೇಗ, ಮೂರೇ ಭಾಗ. ಬಸೂನ್‌ಗೆ ಇದರಲ್ಲಿ ಮನಸಾರೆ ಓಡುವಷ್ಟು ಬಯಲಿದೆ. ಆಮೇಲೆ ಆರನೆಯದು, ಸಿ ಮೈನರ್. ಅದರ ನಿಧಾನದ ಭಾಗಗಳನ್ನು ರಾತ್ರಿ ಕೇಳಿ. ಹೈಂಟ್ಸ್ ಹೋಲಿಗರ್ ಓಬೋ ನುಡಿಸಿರುವ ಧ್ವನಿಮುದ್ರಣ ಸಿಕ್ಕರೆ ಬಿಡಬೇಡಿ.

ಒಂದು ಮಾತು: ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡಿ. ನಾನು ತಿಂಗಳುಗಟ್ಟಲೆ ಹಾಗೆ ಕೇಳಿ, ಇದು ಬರೀ ಎರಡು ಓಬೋಗಳ ಸಂಗೀತ ಅಂದುಕೊಂಡಿದ್ದೆ. ಇಯರ್‌ಫೋನ್ ಹಾಕಿದ ದಿನವೇ ಬಸೂನ್ ಕೇಳಿಸಿದ್ದು.